ತಿನ್ನುವ ಗೊಂಬೆ: ಕಣ್ಣಿಗೋ, ಬಾಯಿಗೋ?

ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ವಿಮರ್ಶೆಗೆ ಎತ್ತಿಕೊಳ್ಳುವುದು ನಾಟಕವನ್ನು, ಯಕ್ಷಗಾನದ ಆಟವನ್ನು, ಹೊಸದಾಗಿ ಕೈಗೆ ಬಂದ ಪುಸ್ತಕವನ್ನು. ಈ ಸಲ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ ಒಂದು ಕೇಕನ್ನೂ ಅದರ ನೆತ್ತಿಯ ಮೇಲೆ ನಿಂತ ಸಕ್ಕರೆಯ ಗೊಂಬೆಯನ್ನೂ ಎತ್ತಿಕೊಂಡಿದ್ದೇವೆ. ಕೇಕಿಗೂ ಒಂದು ವಿಮರ್ಶೆಯೇ ಎಂದು ನಗುವವರು ಧಾರಾಳವಾಗಿ ನಗಲಿ. ಮನುಷ್ಯನ ಕೈ ಎಲ್ಲೆಲ್ಲಿ ಒಂದು ರೂಪವನ್ನು ಕಡೆಯುತ್ತದೆಯೋ ಅಲ್ಲೆಲ್ಲ ಇದು ಚೆನ್ನ, ಇದು ಸಾಲದು ಎಂಬ ಮಾತು ಬಂದೇ ಬರುತ್ತದೆ. ಅಲ್ಲದೆ ಈ ಬರಹಕ್ಕೆ ಇನ್ನೊಂದು ಕಾರಣವೂ ಉಂಟು. ಕಳೆದ ಸಂಕ್ರಾಂತಿಯ ಕೂಟದಲ್ಲಿ ತೀರ್ಪುಗಾರರಾಗಿ ಕುಳಿತು ನಾವು ಕೊಟ್ಟ ತೀರ್ಪು ತಪ್ಪಾಗಿತ್ತು. ನಾಲ್ಕು ಜನರ ಮುಂದೆ ಕೊಟ್ಟ ತಪ್ಪು ತೀರ್ಪನ್ನು ನಾಲ್ಕು ಜನರ ಮುಂದೆಯೇ ತಿದ್ದಿಕೊಳ್ಳಬೇಕಾದದ್ದು ನ್ಯಾಯ.

ನಡೆದದ್ದಿಷ್ಟು. ನಮ್ಮ ಸಂಘದ ಮಹಿಳಾ ವಿಭಾಗದವರು ಪ್ರತಿವರ್ಷ ಸಂಕ್ರಾಂತಿ ಕಳೆದ ಭಾನುವಾರ ಎಳ್ಳು ಬೀರುವ ಕೂಟವನ್ನು ನಡೆಸುತ್ತಾರೆ. ಅರಿಶಿನ ಕುಂಕುಮ, ಮಕ್ಕಳ ಹಾಡು, ರಂಗೋಲಿ ಸ್ಪರ್ಧೆ, ಕೊನೆಗೆ ಅವಲಕ್ಕಿ, ಚಹಾ. ಇದು ವಾಡಿಕೆ. ಈ ವರ್ಷ ಕಿರಿಯ ಸದಸ್ಯೆಯರ ಒತ್ತಾಯದಿಂದ ಅಲಂಕರಿಸಿದ ಕಪ್ ಕೇಕಿನ ಸ್ಪರ್ಧೆಯೂ ಸೇರಿತು. ನಿಯಮ ಒಂದೇ ಸಾಲಿನದು: ಕೇಕಿನ ಮೇಲೆ ಹಬ್ಬಕ್ಕೆ ಒಪ್ಪುವ ಗೊಂಬೆಯೊಂದು ನೆಟ್ಟಗೆ ನಿಂತಿರಬೇಕು, ಆ ಗೊಂಬೆ ತಿನ್ನುವಂಥದ್ದಾಗಿರಬೇಕು. ಇಂಥ ಗೊಂಬೆಗೆ ಬೇಕರಿಯವರ ಭಾಷೆಯಲ್ಲಿ ಟಾಪರ್ ಎಂದು ಹೆಸರು. ಡೊಂಬಿವಲಿಯಿಂದ, ಮುಲುಂಡಿನಿಂದ, ನವಿ ಮುಂಬಯಿಯಿಂದ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಡಬ್ಬಿಗಳನ್ನು ಎದೆಗವಚಿಕೊಂಡು ತಂದವರೆಲ್ಲ ಸೇರಿ ೧೯ ಮನೆಗಳ ಕೇಕುಗಳು ಮೇಜಿನ ಮೇಲೆ ಸಾಲಾಗಿ ಕುಳಿತವು. ತೀರ್ಪುಗಾರರು ಮೂವರು. ಕನ್ನಡಕ ಒರೆಸಿಕೊಂಡು ಮೇಜಿಗೆ ಮೂರು ಪ್ರದಕ್ಷಿಣೆ ಹಾಕಿ, ಚಿನ್ನದ ರೆಕ್ಕೆಯ ಗಿಳಿಯೊಂದಕ್ಕೆ ಮೊದಲ ಬಹುಮಾನವೆಂದು ಸಾರಿದೆವು. ಚಪ್ಪಾಳೆಯೂ ಆಯಿತು.

ಆಮೇಲೆ ಕೇಕುಗಳನ್ನು ಮಕ್ಕಳಿಗೆ ಹಂಚಿದರು. ಬಹುಮಾನದ ಗಿಳಿ ಐದು ವರ್ಷದ ಒಬ್ಬ ಹುಡುಗನ ಪಾಲಿಗೆ ಬಂತು. ಅವನು ಎಲ್ಲ ಮಕ್ಕಳಂತೆ ಮೊದಲು ಗಿಳಿಗೇ ಬಾಯಿ ಹಾಕಿದ. ಮರುಕ್ಷಣ ಅಳು. ಅವನ ಅಜ್ಜಿ ಓಡಿ ಬಂದು ಬಾಯಿ ತೆರೆಸಿ ನೋಡಿದರೆ, ಗಿಳಿಯ ಹೊಟ್ಟೆಯೊಳಗಿಂದ ಚೂಪಾದ ಬಿದಿರುಕಡ್ಡಿ ಹೊರಟು ಒಸಡಿಗೆ ಚುಚ್ಚಿತ್ತು. ರಕ್ತ ಸ್ವಲ್ಪವೇ, ತಣ್ಣೀರು ಮುಕ್ಕಳಿಸಿದ ಮೇಲೆ ನಿಂತಿತು. ಆದರೆ ಗಿಳಿಯನ್ನು ಮಾಡಿದ ಹುಡುಗಿಯ ಮುಖ ಬಿಳುಪೇರಿಹೋಗಿತ್ತು. "ಎಷ್ಟು ಮಾಡಿದರೂ ನಿಲ್ಲಲೇ ಇಲ್ಲ ಆಂಟಿ, ಅದಕ್ಕೇ ಕಡ್ಡಿ ಚುಚ್ಚಿದೆ. ಹಂಚುವಾಗ ತೆಗೆದುಕೊಡಬೇಕು ಅಂದುಕೊಂಡಿದ್ದೆ, ಗಡಿಬಿಡಿಯಲ್ಲಿ ಮರೆತೆ" ಎಂದು ಅವಳು ಕಣ್ಣೀರು ತುಂಬಿಕೊಂಡಳು. ಅಜ್ಜಿ ಅವಳನ್ನು ಬೈಯಲಿಲ್ಲ. "ಆಗಲಿ ಬಿಡು ತಾಯಿ, ಬೇಕೆಂದು ಮಾಡಿದ್ದಲ್ಲವಲ್ಲ" ಎಂದು ಬೆನ್ನು ಸವರಿ, ನಮ್ಮ ಕಡೆ ತಿರುಗಿ ಕೇಳಿದರು: "ಬಹುಮಾನ ಕೊಟ್ಟವರು ನೀವು. ಒಂದು ಚೂರು ಮುರಿದಾದರೂ ನೋಡಬಾರದಿತ್ತೇ?"

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ತಿನ್ನುವ ಗೊಂಬೆಗೆ ತೀರ್ಪು ಕೊಡಲು ಕುಳಿತ ಮೂವರಲ್ಲಿ ಒಬ್ಬರಾದರೂ ತಿಂದು ನೋಡಲಿಲ್ಲ. ನಾಟಕದ ಪರದೆಯನ್ನಷ್ಟೇ ನೋಡಿ ಎದ್ದುಬಂದು ವಿಮರ್ಶೆ ಬರೆದಂತಾಯಿತು. ಆದ್ದರಿಂದ ಈ ಕಲೆಯ ಸ್ವರೂಪವೇನು, ಅದನ್ನು ಅಳೆಯುವ ಕೋಲು ಯಾವುದು ಎಂಬುದನ್ನು ಸಾವಕಾಶವಾಗಿ ಯೋಚಿಸಿ, ಅಂದು ಬಂದ ಕೇಕುಗಳನ್ನು ಇನ್ನೊಮ್ಮೆ ನೆನಪಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದೇವೆ.

ಕಪ್ ಕೇಕು ನಮ್ಮದಲ್ಲ, ನಿಜ. ಅಮೆರಿಕದ ಅಮೇಲಿಯಾ ಸಿಮನ್ಸ್ ೧೭೯೬ರಲ್ಲಿ ಪ್ರಕಟಿಸಿದ ಅಡುಗೆಯ ಪುಸ್ತಕದಲ್ಲಿ ಪುಟ್ಟ ಬಟ್ಟಲುಗಳಲ್ಲಿ ಬೇಯಿಸುವ ಕೇಕಿನ ಮಾತು ಬರುತ್ತದೆ. ೧೮೨೮ರಲ್ಲಿ ಎಲಿಜಾ ಲೆಸ್ಲಿ ಕಪ್ ಕೇಕ್ ಎಂಬ ಹೆಸರನ್ನೇ ಬಳಸಿದರು. ಬಹುಕಾಲ ಅದು ಅಲ್ಲಿನ ಮಕ್ಕಳ ಸಾಮಾನ್ಯ ತಿನಿಸಾಗಿತ್ತು. ನ್ಯೂಯಾರ್ಕಿನಲ್ಲಿ ೧೯೯೬ರಲ್ಲಿ ತೆರೆದ ಮ್ಯಾಗ್ನೋಲಿಯಾ ಬೇಕರಿಯ ಕಪ್ ಕೇಕು ೨೦೦೦ರಲ್ಲಿ ಒಂದು ಟೆಲಿವಿಷನ್ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಮೇಲೆ ಅದಕ್ಕೆ ಷೋಕಿಯ ಪಟ್ಟ ಬಂತು. ಆ ಗಾಳಿ ನಮ್ಮ ನಗರಗಳಿಗೂ ಬೀಸಿತು. ದೊಡ್ಡ ಕೇಕನ್ನು ಕತ್ತರಿಸಿ ಹಂಚುವ ರಗಳೆಯಿಲ್ಲ, ತಲೆಗೊಂದರಂತೆ ಕೊಟ್ಟರಾಯಿತು ಎಂಬ ಅನುಕೂಲವೂ ಇತ್ತು. ಪ್ರತಿಯೊಂದರ ಮೇಲೂ ಒಂದು ಗೊಂಬೆ ನಿಂತರೆ ಮಗುವಿಗೆ ಇದು ನನ್ನದೇ ಎಂಬ ಹಿಗ್ಗು.

ಆದರೆ ಸಕ್ಕರೆಯನ್ನು ಗೊಂಬೆಯಾಗಿ ನಿಲ್ಲಿಸುವ ಆಸೆ ಯಾವ ಒಂದು ದೇಶದ ಸೊತ್ತೂ ಅಲ್ಲ. ಫ್ರಾನ್ಸಿನ ಮೂರನೆಯ ಹೆನ್ರಿ ದೊರೆ ೧೫೭೪ರಲ್ಲಿ ವೆನಿಸ್ ನಗರಕ್ಕೆ ಬಂದಾಗ ಅವನ ಮುಂದಿಟ್ಟ ಮೇಜಿನಲ್ಲಿ ಕೈ ಒರೆಸುವ ವಸ್ತ್ರವೂ ಸಕ್ಕರೆಯದೇ ಆಗಿತ್ತು. ಉತ್ತರ ಭಾರತದಲ್ಲಿ ದೀಪಾವಳಿಗೆ ಆನೆ, ಕುದುರೆಗಳ ಸಕ್ಕರೆ ಆಟಿಕೆಗಳನ್ನು ಮಾರುತ್ತಾರೆ. ನಾವಿರುವ ಮಹಾರಾಷ್ಟ್ರದಲ್ಲಿ ಗುಡಿಪಾಡ್ವಾದ ದಿನ ಗುಡಿಗೆ ಸಕ್ಕರೆಯ ಗಾಠಿಯ ಮಾಲೆ ತೂಗುತ್ತದೆ. ಸಂಕ್ರಾಂತಿಗೆ ಹೊಸ ಸೊಸೆಗೂ ಎಳೆಗೂಸಿಗೂ ಹಲ್ವಾದ ಒಡವೆ ತೊಡಿಸುತ್ತಾರೆ. ನಮ್ಮ ಬಯಲುಸೀಮೆಯ ಕುಸುರೆಳ್ಳು ಅದರ ಒಡಹುಟ್ಟು. ಎಳ್ಳಿನ ಕಾಳಿಗೆ ಹನಿಹನಿಯಾಗಿ ಪಾಕ ಎರೆದು, ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಕೈಯಾಡಿಸಿ ಮುಳ್ಳೆಬ್ಬಿಸುವ ಆ ಕೆಲಸವನ್ನು ಬಲ್ಲವರು ಫಾಂಡೆಂಟಿನ ಕಷ್ಟಕ್ಕೆ ಹೆದರಬೇಕಾಗಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ; ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸಕ್ಕರೆ ಗೊಂಬೆಗಳು ಬರುತ್ತವೆ. ಹಳೆಯ ಮೈಸೂರಿನ ಸೀಮೆಯಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚು. ಕರಾವಳಿಯ ನಮ್ಮ ಬಂಧುಗಳಿಗೆ ಇವೆರಡೂ ಮುಂಬಯಿಗೆ ಬಂದ ಮೇಲೆ, ಸಂಘದ ಕೂಟಗಳಲ್ಲಿ ಪರಿಚಯವಾದವು ಎಂಬುದೂ ಒಂದು ಸ್ವಾರಸ್ಯ.

ಸಕ್ಕರೆ ಅಚ್ಚನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಯಾಕೆಂದರೆ ಟಾಪರಿನ ಮುಖ್ಯ ಸಮಸ್ಯೆಯನ್ನು ಅದು ಬಹಳ ಹಿಂದೆಯೇ ಬಗೆಹರಿಸಿಕೊಂಡಿದೆ. ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಒಂದಿಷ್ಟು ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಮತ್ತೆ ಕಾಸಿ, ಪಾಕ ಬೆಳ್ಳಗೆ ಕದಡಿ ಮರಳುಗಟ್ಟಲು ತೊಡಗುವ ಹೊತ್ತಿಗೆ ಸರಿಯಾಗಿ ಅಚ್ಚಿಗೆ ಹೊಯ್ಯಬೇಕು. ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಹಾಕಿ, ಹೋಳುಗಳನ್ನು ಜೋಡಿಸಿ, ದಾರವನ್ನೋ ರಬ್ಬರನ್ನೋ ಬಿಗಿದಿರುತ್ತಾರೆ. ಹೊಯ್ಯುವ ಬಾಯಿ ಇರುವುದು ಗೊಂಬೆಯ ತಳದಲ್ಲಿ. ಗಿಳಿಯಾಗಲಿ, ಆನೆಯಾಗಲಿ, ತುಳಸಿ ಬೃಂದಾವನವಾಗಲಿ ಅಚ್ಚಿನೊಳಗೆ ತಲೆಕೆಳಗಾಗಿಯೇ ಹುಟ್ಟುತ್ತದೆ. ಮೇಲೆ ತುಂಬಿದ ಪಾಕ ಸಮವಾಗಿ ಗಟ್ಟಿಯಾದಾಗ ಅದೇ ಪೀಠವಾಗುತ್ತದೆ. ಹತ್ತು ಹದಿನೈದು ನಿಮಿಷದ ಮೇಲೆ ಅಚ್ಚು ಬಿಡಿಸಿ ಮಗುಚಿಟ್ಟರೆ ಗೊಂಬೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಕಡ್ಡಿ ಬೇಡ, ಅಂಟು ಬೇಡ. ಒಳಗೂ ಹೊರಗೂ ಒಂದೇ ವಸ್ತು.

ಹೊಸ ಟಾಪರಿನ ಪರಿಸ್ಥಿತಿ ಬೇರೆ. ಅದು ನಿಲ್ಲಬೇಕಾದದ್ದು ಗಟ್ಟಿ ತಟ್ಟೆಯ ಮೇಲಲ್ಲ, ಬೆಣ್ಣೆಯಂಥ ಕ್ರೀಮಿನ ಗುಡ್ಡದ ಮೇಲೆ. ಹಾಗಾಗಿ ಅದಕ್ಕೆ ಪೀಠ ಸಾಲದು, ಬೇರು ಬೇಕು. ತೆಳ್ಳಗೆ ಲಟ್ಟಿಸಿ ಕತ್ತರಿಸುವ ಚಿತ್ರವಾದರೆ ಕತ್ತರಿಸುವಾಗಲೇ ಕೆಳಗೆ ಒಂದಂಗುಲದಷ್ಟು ಉದ್ದದ ಮೊಳೆಯಂಥ ತುಂಡನ್ನು ಬಿಟ್ಟುಕೊಂಡಿರಬೇಕು. ಕ್ರೀಮನ್ನು ದಾಟಿ ಅದು ಕೇಕಿನ ಮೈಯಲ್ಲಿ ನೆಟ್ಟುಕೊಳ್ಳಬೇಕು. ಉಂಡೆಯಾಗಿ ಮಾಡಿದ ಗೊಂಬೆಯಾದರೆ ಒಳಗೊಂದು ಆಧಾರ ಬೇಕಾಗುತ್ತದೆ. ಅದಕ್ಕೆ ಪಳಗಿದವರು ಬಳಸುವುದು ಹಸಿಯ ಸ್ಪಗೆಟ್ಟಿ ಕಡ್ಡಿಯನ್ನು. ನಮ್ಮ ಶ್ಯಾವಿಗೆಯ ದೊಡ್ಡಣ್ಣನಂಥ ಆ ಇಟಲಿಯ ತಿನಿಸು ಒಣಗಿದ್ದಾಗ ಪುಟ್ಟ ಗೊಂಬೆಯನ್ನು ಹೊರುವಷ್ಟು ಬಿಗಿಯಾಗಿರುತ್ತದೆ. ಮಗು ಕಚ್ಚಿದರೆ ಪಟ್ಟನೆ ಮುರಿಯುತ್ತದೆ, ಹೊಟ್ಟೆಗೆ ಹೋದರೂ ಗೋಧಿಯೇ. ನಮ್ಮ ಬಹುಮಾನದ ಗಿಳಿಗೆ ಬಿದಿರಿನ ಬದಲು ಇದೊಂದು ತುಂಡು ಇದ್ದಿದ್ದರೆ ಈ ಲೇಖನದ ಪ್ರಮೇಯವೇ ಬರುತ್ತಿರಲಿಲ್ಲ.

ಇನ್ನು ವಸ್ತುವಿನ ವಿಚಾರ. ಅಂದು ಬಂದ ೧೯ರಲ್ಲಿ ಹೆಚ್ಚಿನವು ಫಾಂಡೆಂಟಿನವು. ಕಣಕದಂತೆ ನಾದಿ ಲಟ್ಟಿಸಬಹುದಾದ ಸಕ್ಕರೆಯ ಮುದ್ದೆ ಅದು. ಕೇಕಿನ ಮೈಗೆ ಹೊದಿಸಲು ಅದು ಯೋಗ್ಯವೇ ಹೊರತು ನಿಲ್ಲಲು ಅಲ್ಲ. ಬರಿಯ ಫಾಂಡೆಂಟಿನ ಗೊಂಬೆ ಒಣಗಿದರೂ ಒಳಗೆ ಮೆತ್ತಗೇ ಇದ್ದು ಸಂಜೆಯ ಹೊತ್ತಿಗೆ ಸೊಂಟ ಬಗ್ಗಿಸುತ್ತದೆ. ಅದನ್ನು ಬಿಗಿಗೊಳಿಸಲು ಗೋಂದು ಬೇಕು. ಹಿಂದೆ ಯುರೋಪಿನವರು ನೀರಿನಲ್ಲಿ ಉಬ್ಬುವ ಟ್ರಾಗಕಾಂತ್ ಎಂಬ ಗಿಡದ ಗೋಂದನ್ನು ಸಕ್ಕರೆಗೆ ಬೆರೆಸುತ್ತಿದ್ದರು. ಈಗ ಟೈಲೋಸ್ ಎಂದೋ ಸಿ.ಎಂ.ಸಿ. ಎಂದೋ ಹೆಸರಿರುವ ಬಿಳಿಯ ಪುಡಿ ಸಿಗುತ್ತದೆ. ಕಾಲು ಕಿಲೋ ಫಾಂಡೆಂಟಿಗೆ ಒಂದು ಚಹಾ ಚಮಚೆ ಸೇರಿಸಿ ನಾದಿ, ಮುಚ್ಚಿಟ್ಟು, ಆಮೇಲೆ ಮೆಕ್ಕೆಜೋಳದ ಹಿಟ್ಟು ಉದುರಿಸಿದ ಮಣೆಯ ಮೇಲೆ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಕತ್ತರಿಸಬೇಕು. ಒಂದೆರಡು ದಿನ ಗಾಳಿಯಲ್ಲಿ, ಮಗುಚಿ ಹಾಕುತ್ತ ಒಣಗಿಸಬೇಕು. ಈ ಎರಡು ದಿನಗಳ ತಾಳ್ಮೆ ಎಲ್ಲಿ ತಪ್ಪಿದೆ ಎಂಬುದು ಮೇಜಿನ ಮೇಲೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಹಿಂದಿನ ರಾತ್ರಿ ಮಾಡಿ ತಂದ ಒಂದು ಬಸವಣ್ಣ ಬಹುಮಾನ ವಿತರಣೆಯ ಹೊತ್ತಿಗೆ ಕ್ರೀಮಿನಲ್ಲಿ ಮಂಡಿಯೂರಿತ್ತು.

ಮುಂಬಯಿಯ ಹವೆಯನ್ನೂ ಇಲ್ಲಿ ಮರೆಯಬಾರದು. ಸಕ್ಕರೆ ಗಾಳಿಯ ತೇವವನ್ನು ಹೀರುವ ಪದಾರ್ಥ. ಜನವರಿಯಲ್ಲಿ ನೆಟ್ಟಗೆ ನಿಂತ ಗೊಂಬೆ ಜುಲೈಯ ಮಳೆಯಲ್ಲಿ ಬೆವರಿ ಬಾಗುತ್ತದೆ. ಹಾಳಾಗದಿರಲೆಂದು ಫ್ರಿಜ್ಜಿನಲ್ಲಿ ಇಡುವುದು ಹಲವರು ಮಾಡುವ ತಪ್ಪು; ಹೊರಗೆ ತೆಗೆದೊಡನೆ ತಣ್ಣನೆಯ ಮೈಮೇಲೆ ನೀರು ಕೂತು ಬಣ್ಣ ಇಳಿಯುತ್ತದೆ. ಒಣಗಿದ ಗೊಂಬೆಗೆ ಗಾಳಿಯಾಡದ ಡಬ್ಬಿಯೇ ಸರಿ, ಕೇಕಿನ ಮೇಲೆ ನೆಡುವುದು ಹಂಚುವುದಕ್ಕೆ ಸ್ವಲ್ಪ ಮೊದಲು. ಹಾಲಿನ ಕೆನೆಯನ್ನು ಕಡೆದು ಮಾಡಿದ ಕ್ರೀಮಿನಲ್ಲಿ ನೀರಿನಂಶ ಹೆಚ್ಚಾದ್ದರಿಂದ ಅದು ಸಕ್ಕರೆಯ ಕಾಲನ್ನು ಬೇಗ ಕರಗಿಸುತ್ತದೆ. ಬೆಣ್ಣೆಯ ಐಸಿಂಗು ಈ ವಿಷಯದಲ್ಲಿ ಹೆಚ್ಚು ನಂಬಿಗಸ್ಥ.

ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಪುಡಿಯಿಂದ ಮಾಡುವ ರಾಯಲ್ ಐಸಿಂಗಿನ ಗೊಂಬೆಗಳು ಎರಡೇ ಬಂದಿದ್ದವು. ಬೆಣ್ಣೆ ಕಾಗದದ ಮೇಲೆ ಗೆರೆ ಎಳೆದು, ಒಳಗೆ ತುಂಬಿ, ಒಣಗಿದ ಮೇಲೆ ಬಿಡಿಸುವ ಈ ಪದ್ಧತಿ ನಮ್ಮ ರಂಗೋಲಿ ಹಾಕಿದ ಕೈಗಳಿಗೆ ಒಗ್ಗುವಂಥದ್ದು. ಅಂದು ಬಂದ ಚಿಟ್ಟೆಯ ರೆಕ್ಕೆಗಳನ್ನು ಮಡಿಸಿದ ರಟ್ಟಿನ ತೊಟ್ಟಿಲಲ್ಲಿ ಒಣಗಿಸಿದ್ದರಿಂದ ಅವು ಹಾರಲು ಎತ್ತಿದಂತೆಯೇ ನಿಂತಿದ್ದವು. ಕೆಲಸ ನಯವಾಗಿತ್ತು. ಆದರೆ ಮೊಟ್ಟೆ ತಿನ್ನದ ಮನೆಗಳು ನಮ್ಮಲ್ಲಿ ಬಹಳ. ಚೀಟಿಯಲ್ಲಿ ಒಂದು ಮಾತು ಬರೆದಿಡಬೇಕಾಗಿತ್ತು. ಫಾಂಡೆಂಟಿಗೂ ಈ ಎಚ್ಚರ ಸಲ್ಲುತ್ತದೆ. ಕೆಲವು ಬಗೆಯ ಫಾಂಡೆಂಟಿನಲ್ಲಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ಪೊಟ್ಟಣದ ಮೇಲಿನ ಹಸಿರು ಗುರುತನ್ನು ನೋಡಿಕೊಂಡರೆ ತಂಟೆಯಿಲ್ಲ. ಮೊಟ್ಟೆಯ ಬದಲು ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರನ್ನು ಕಡೆದು ರಾಯಲ್ ಐಸಿಂಗ್ ಮಾಡುವ ಉಪಾಯ ಇತ್ತೀಚೆಗೆ ಬಳಕೆಗೆ ಬಂದಿದೆ. ಕಟ್ಟಿನ ಸಾರು ಬಲ್ಲ ನಮಗೆ ಬೇಳೆಕಾಳು ಬೆಂದ ನೀರಿನ ಮಹಿಮೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಅದು ಮೊಟ್ಟೆಯಂತೆ ನೊರೆಯೇಳುತ್ತದೆಂಬುದು ನಮಗೂ ಬೆರಗೇ.

ಬಣ್ಣದ ಪ್ರಶ್ನೆ ಇದಕ್ಕಿಂತ ಗಂಭೀರ. ನಮ್ಮ ಕಣ್ಣು ಕುಕ್ಕಿದ್ದು ಗಿಳಿಯ ಚಿನ್ನದ ರೆಕ್ಕೆ. ಕೂಟ ಮುಗಿದ ಮೇಲೆ ಆ ಹುಡುಗಿ ಬಣ್ಣದ ಡಬ್ಬಿಯನ್ನು ತಂದು ತೋರಿಸಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ, ಅಲಂಕಾರಕ್ಕೆ ಮಾತ್ರ ಎಂದು ಅಚ್ಚಾಗಿತ್ತು. ಅಲಂಕಾರಕ್ಕೆ ಮಾತ್ರ ಎಂದರೆ ತಿನ್ನಲು ಅಲ್ಲ ಎಂದೇ ಅರ್ಥ. ವಿಷವಲ್ಲ ಎಂದು ಬರೆದಿದ್ದರೂ ಅದು ತಿನ್ನುವ ಪದಾರ್ಥವೆಂದು ತಿಳಿಯಕೂಡದು. ಇದು ಅತಿಯಾದ ಅಂಜಿಕೆಯೆಂದು ಕೆಲವರಿಗೆ ಅನ್ನಿಸಬಹುದು. ಅಮೆರಿಕದ ರೋಡ್ ಐಲೆಂಡಿನಲ್ಲಿ ೨೦೧೮ರಲ್ಲಿ ಹುಟ್ಟುಹಬ್ಬದ ಕೇಕನ್ನು ತಿಂದ ೬ ಮಕ್ಕಳು ವಾಂತಿ, ಭೇದಿಯಿಂದ ಅಸ್ವಸ್ಥರಾದರು. ಕೇಕಿಗೆ ಬಳಿದ ಹೊಳಪಿನ ಪುಡಿಯಲ್ಲಿ ತಾಮ್ರ ಇತ್ತು. ಮರುವರ್ಷ ಮಿಸೌರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಕಂಡುಬಂದದ್ದಕ್ಕೆ ಕೇಕಿನ ಅಲಂಕಾರದ ಪುಡಿಯೇ ಕಾರಣವೆಂದು ಗೊತ್ತಾಯಿತು. ಅಲ್ಲಿನ ರೋಗನಿಯಂತ್ರಣ ಕೇಂದ್ರ ಈ ಎರಡೂ ಪ್ರಕರಣಗಳ ವರದಿಯನ್ನು ೨೦೨೧ರಲ್ಲಿ ಪ್ರಕಟಿಸಿತು. ನಮ್ಮ ದೇಶದಲ್ಲಿ ತಿನಿಸಿಗೆ ಹಾಕಲು ಕಾನೂನು ಒಪ್ಪಿದ ಕೃತಕ ಬಣ್ಣಗಳು ೮ ಮಾತ್ರ. ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿ ಮತ್ತು ಎಫ್.ಎಸ್.ಎಸ್.ಎ.ಐ. ಪರವಾನಗಿಯ ಸಂಖ್ಯೆ ಇಲ್ಲದಿದ್ದರೆ ಅದು ಅಡುಗೆಮನೆಯ ಸಾಮಾನಲ್ಲ. ಬೀಟ್‌ರೂಟಿನ ರಸ, ಅರಿಶಿನ, ಕೇಸರಿ, ಕೋಕೋ ಇವುಗಳ ಬಣ್ಣ ಸ್ವಲ್ಪ ಮಂಕಾದರೂ ಮಂಕುತನದಿಂದ ಯಾರಿಗೂ ಹೊಟ್ಟೆನೋವು ಬಂದದ್ದಿಲ್ಲ.

ಇನ್ನು ರುಚಿ. ಈ ವಿಷಯದಲ್ಲಿ ಹಳೆಯದನ್ನು ಸುಮ್ಮನೆ ಹೊಗಳಲು ನಮ್ಮ ಮನಸ್ಸು ಒಪ್ಪದು. ಸಕ್ಕರೆ ಅಚ್ಚಿನಲ್ಲಿ ಸಕ್ಕರೆಯ ಹೊರತು ಬೇರೆ ರುಚಿಯಿಲ್ಲ. ಫಾಂಡೆಂಟಿನಲ್ಲೂ ಅಷ್ಟೆ, ಜೊತೆಗೆ ಹಲ್ಲಿಗಂಟುವ ಗುಣ ಬೇರೆ. ಆದರೆ ಅಚ್ಚಿನ ಗೊಂಬೆಗೆ ತಿನ್ನುವ ಕ್ರಮವೇ ಬೇರೆಯಾಗಿತ್ತು. ಅದು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ, ಕಬ್ಬಿನ ತುಂಡುಗಳ ಜೊತೆ ತಟ್ಟೆಯಲ್ಲಿ ಬರುತ್ತಿತ್ತು. ನಾವು ಚಿಕ್ಕವರಿದ್ದಾಗ ಆನೆಯ ಸೊಂಡಿಲನ್ನು ಮೊದಲ ದಿನ ಮುರಿದು, ಬಾಲವನ್ನು ಮರುದಿನಕ್ಕಿಟ್ಟು, ವಾರವಿಡೀ ನೆಕ್ಕುತ್ತಿದ್ದೆವು. ಕೊನೆಯ ಚೂರು ಅಮ್ಮನ ಕಾಫಿಗೆ. ಕಪ್ ಕೇಕಿನ ಗೊಂಬೆಗೆ ಅಷ್ಟು ಆಯುಷ್ಯವಿಲ್ಲ. ಮಗು ಅದನ್ನು ಕೇಕಿನೊಂದಿಗೇ ಬಾಯಿಗಿಡುತ್ತದೆ. ಆದ್ದರಿಂದ ಅದರ ರುಚಿ ಕೇಕಿನ ರುಚಿಗೆ ಹೊಂದಬೇಕು, ಗಾತ್ರವೂ ಹೊಂದಬೇಕು. ಎರಡಂಗುಲದ ಕೇಕಿನ ಮೇಲೆ ನಾಲ್ಕಂಗುಲದ ಗೋಪುರ ಬಂದರೆ, ಎಷ್ಟು ಚೆನ್ನಾಗಿ ಕಡೆದಿದ್ದರೂ, ಅದು ಕೇಕಿನ ಅಲಂಕಾರವಾಗದೆ ಭಾರವಾಗುತ್ತದೆ. ಅಂಥ ಒಂದು ಗೋಪುರ ಅಂದು ಬಂದಿತ್ತು. ಅದನ್ನು ತಂದ ನಿವೃತ್ತ ಮಹನೀಯರು ಮೂರು ರಾತ್ರಿ ನಿದ್ದೆಗೆಟ್ಟಿದ್ದರು. ಅವರ ಶ್ರಮಕ್ಕೆ ನಮಸ್ಕಾರ ಹೇಳಿ, ಅದು ಕಪ್ ಕೇಕಿನ ಮೇಲೆ ಇರತಕ್ಕದ್ದಲ್ಲವೆಂಬ ಮಾತನ್ನೂ ವಿನಯದಿಂದ ಹೇಳಬೇಕಾಗಿದೆ.

ನಮಗೆ ಹೆಚ್ಚು ಹಿಡಿಸಿದ ಎರಡನ್ನು ಈಗ ಹೇಳುತ್ತೇವೆ. ಒಂದು, ತುಮಕೂರು ಕಡೆಯ ಒಂದು ಮನೆಯವರು ತಂದ ತುಳಸಿ ಬೃಂದಾವನ. ಅತ್ತೆಯ ಕಾಲದ ಮರದ ಅಚ್ಚಿನಲ್ಲಿ ಹೊಯ್ದು, ಹಾಗೇ ಕೇಕಿನ ಮೇಲಿಟ್ಟಿದ್ದರು. ಹಳತು ಹೊಸತು ಕೈಹಿಡಿದ ಆ ಕಲ್ಪನೆ ಸೊಗಸಾದದ್ದು. ತೊಡಕೆಂದರೆ, ಅಚ್ಚಿನ ಗೊಂಬೆ ಒಳಗೆಲ್ಲ ಗಟ್ಟಿ ಸಕ್ಕರೆ. ಅದರ ತೂಕಕ್ಕೆ ಕ್ರೀಮು ಕುಸಿದು ಬೃಂದಾವನ ಅರ್ಧ ಮುಳುಗಿತ್ತು. ಅದರಡಿ ಒಂದು ತೆಳ್ಳನೆಯ ಬಿಸ್ಕತ್ತನ್ನು ಹಾಸಿದ್ದರೆ ಸಾಕಾಗುತ್ತಿತ್ತು. ಅಷ್ಟು ಸಣ್ಣ ಕೊರತೆಗಾಗಿ ನಾವು ಅದನ್ನು ಪೂರ್ತಿ ಬದಿಗಿಟ್ಟದ್ದು ಸರಿಯಲ್ಲ.

ಇನ್ನೊಂದು, ಮೇಜಿನ ತುದಿಯಲ್ಲಿ ಯಾರ ಕಣ್ಣಿಗೂ ಅಷ್ಟಾಗಿ ಬೀಳದೆ ಕುಳಿತಿದ್ದ ಗಾಳಿಪಟ. ಎಳ್ಳು ಬೆಲ್ಲದ ಚಿಕ್ಕಿಯದು. ಎರಡು ಮಕ್ಕಳ ತಾಯಿಯೊಬ್ಬರು, ನೌಕರಿಗೆ ಹೋಗುವವರು, ಮಾಡಿ ತಂದದ್ದು. ಬೆಲ್ಲದ ಪಾಕ ನೀರಿಗೆ ಹಾಕಿದರೆ ಗಟ್ಟಿಯಾಗಿ ಟಣ್ಣೆನ್ನುವ ಹದಕ್ಕೆ ಬಂದಾಗ ಹುರಿದ ಎಳ್ಳು ಸೇರಿಸಿ, ತುಪ್ಪ ಸವರಿದ ಲಟ್ಟಣಿಗೆಯಿಂದ ಕಾಗದದಷ್ಟು ತೆಳ್ಳಗೆ ಒತ್ತಿ, ಬಿಸಿ ಆರುವ ಮೊದಲೇ ಪಟದ ಆಕಾರಕ್ಕೆ ಕತ್ತರಿಸಿದ್ದರು. ಪಟದ ಬಾಲವನ್ನು ಅದೇ ಹಾಳೆಯಲ್ಲಿ ಉದ್ದಕ್ಕೆ ಬಿಟ್ಟಿದ್ದರಿಂದ ಆ ಬಾಲವೇ ಕೇಕಿನೊಳಗೆ ನೆಟ್ಟು ಬೇರಾಯಿತು. ಬಣ್ಣವಿಲ್ಲ, ಗೋಂದಿಲ್ಲ, ಕಡ್ಡಿಯಿಲ್ಲ. ಸಂಕ್ರಾಂತಿಯ ದಿನ ಈ ಊರಿನ ಆಕಾಶದಲ್ಲಿ ಹಾರುವ ಪಟ. ಅದೇ ದಿನ ನಮ್ಮ ಮನೆಗಳಲ್ಲಿ ಬೀರುವ ಎಳ್ಳು ಬೆಲ್ಲ. ಎರಡನ್ನೂ ಒಂದು ಬೆರಳಗಲದ ಚಿಕ್ಕಿಯಲ್ಲಿ ಕೂಡಿಸಿದ್ದರು. ಹಂಚಿದ ಮೇಲೆ ಅದನ್ನು ತಿಂದ ಹುಡುಗಿ ಇನ್ನೊಂದು ಉಂಟೋ ಎಂದು ಕೇಳಿಕೊಂಡು ಬಂದದ್ದನ್ನು ನಾವೇ ನೋಡಿದ್ದೇವೆ. ಅಂದು ಅದಕ್ಕೆ ಸಮಾಧಾನಕರ ಬಹುಮಾನವಾಗಿ ಒಂದು ಸ್ಟೀಲಿನ ಬಟ್ಟಲು ಸಿಕ್ಕಿತು. ಮೊದಲ ಬಹುಮಾನ ಅದಕ್ಕೇ ಸಲ್ಲಬೇಕಾಗಿತ್ತು ಎಂದು ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇವೆ.

ಕೂಟದ ನಂತರ ಹಿರಿಯರಲ್ಲಿ ಕೆಲವರು, ಇದಕ್ಕೇ ನಾವು ಬೇಡವೆಂದದ್ದು, ಸಂಕ್ರಾಂತಿಗೂ ಕೇಕಿಗೂ ಏನು ಸಂಬಂಧ, ನಮ್ಮ ಅಚ್ಚು ಬಿಟ್ಟು ಈ ಪರದೇಶಿ ಚಾಳಿ ಏಕೆ ಎಂದು ಗೊಣಗಿದರು. ಅವರ ನೋವು ನಮಗೆ ಅರ್ಥವಾಗುತ್ತದೆ. ಅಚ್ಚುಗಳನ್ನು ಅಟ್ಟದ ಮೇಲಿಟ್ಟು ಊರು ಬಿಟ್ಟು ಬಂದವರು ನಾವು. ಒಂದು ಕೋಣೆಯ ಚಾಳಿನಲ್ಲಿ ಸಂಸಾರ ಹೂಡಿದಾಗ ಮರದ ಗಿಳಿಗೆ ಜಾಗವಿರಲಿಲ್ಲ. ಆಮೇಲೆ ಮಾಟುಂಗದ ಅಂಗಡಿಯಿಂದ ಪೊಟ್ಟಣದ ಎಳ್ಳು ತಂದು ಹಬ್ಬ ಮಾಡಿದೆವು. ಅಚ್ಚು ಹೊಯ್ಯುವುದನ್ನು ಮಕ್ಕಳಿಗೆ ಕಲಿಸದವರು ನಾವೇ ಆಗಿರುವಾಗ, ಅವರು ಬೇರೆಡೆ ಕಲಿತು ಬಂದದ್ದಕ್ಕೆ ಮುನಿಸಿಕೊಳ್ಳುವುದು ಎಷ್ಟು ಸರಿ? ಅಚ್ಚಿನ ಗಿಳಿ ಎಲ್ಲ ಮನೆಯಲ್ಲೂ ಒಂದೇ ಗಿಳಿ. ಈ ಹುಡುಗಿಯರ ಗಿಳಿಗಳು ಒಂದೊಂದೂ ಬೇರೆ. ಒಂದರ ಕೊಕ್ಕು ಸೊಟ್ಟ, ಇನ್ನೊಂದರ ಕಣ್ಣು ದೊಡ್ಡದು. ಅದೂ ಒಂದು ಐಶ್ವರ್ಯವೇ. ಹಾಗೆಂದು ಕಿರಿಯರೂ ಒಂದು ಮಾತನ್ನು ಕೇಳಿಕೊಳ್ಳಲಿ. ಹಳೆಯ ಗೊಂಬೆ ಫೋಟೋಕ್ಕಾಗಿ ಹುಟ್ಟಿದ್ದಲ್ಲ, ಇನ್ನೊಂದು ಮನೆಯ ಮಗುವಿನ ಕೈಗೆ ಕೊಡುವುದಕ್ಕಾಗಿ ಹುಟ್ಟಿದ್ದು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುವವರು, ತಿನ್ನಲು ಕೊಟ್ಟದ್ದು ಒಳ್ಳೆಯದೇ ಎಂಬ ಭರವಸೆಯನ್ನೂ ಜೊತೆಗೆ ಕೊಡುತ್ತಾರೆ. ನಮ್ಮ ಮೇಜಿನ ಮೇಲೆ ಅಂದು ಕುಂದಿದ್ದು ಆ ಭರವಸೆ. ಅದರ ಹೊಣೆ ಆ ಹುಡುಗಿಗಿಂತ ಹೆಚ್ಚಾಗಿ ಚಿನ್ನದ ಹೊಳಪಿಗೆ ಮನಸೋತ ನಮ್ಮದು.

ಆದ್ದರಿಂದ ಬರುವ ವರ್ಷದ ಸ್ಪರ್ಧೆಗೆ ಕೆಲವು ಸೂಚನೆಗಳನ್ನು ಮಹಿಳಾ ವಿಭಾಗದ ಮುಂದಿಡುತ್ತೇವೆ. ಗೊಂಬೆಯೊಳಗಿನ ಆಧಾರವೂ ತಿನ್ನುವ ವಸ್ತುವೇ ಆಗಿರಲಿ. ಬಣ್ಣದ ಡಬ್ಬಿಯನ್ನು ಕೇಕಿನ ಪಕ್ಕದಲ್ಲೇ ಇಡುವುದು ಕಡ್ಡಾಯವಾಗಲಿ. ಮೊಟ್ಟೆ, ಜೆಲಟಿನ್ ಇದ್ದರೆ ಚೀಟಿಯಲ್ಲಿ ಬರೆದಿರಲಿ. ಪ್ರತಿಯೊಬ್ಬರೂ ಎರಡು ಕೇಕುಗಳನ್ನು ತರಲಿ, ಒಂದು ನೋಡಲು, ಒಂದು ತೀರ್ಪುಗಾರರು ಮುರಿದು ತಿನ್ನಲು. ಅಚ್ಚು ಹೊಯ್ಯಬಲ್ಲ ಹಿರಿಯರು ಕೂಟಕ್ಕೆ ಒಂದು ವಾರ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕಲಿಸಲಿ. ತೀರ್ಪುಗಾರರ ಸಾಲಿನಲ್ಲಿ ಐದಾರು ವರ್ಷದ ಒಂದು ಮಗುವಿಗೂ ಕುರ್ಚಿ ಇರಲಿ.

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಆ ಅಜ್ಜಿಯ ಮನೆಗೆ ಹೋಗಿದ್ದೆವು. ಹುಡುಗ ಆಡುತ್ತಿದ್ದ, ಒಸಡು ಎಂದೋ ಮಾದಿತ್ತು. ಗಿಳಿ ಮಾಡಿದ ಹುಡುಗಿ ನಮಗಿಂತ ಮೊದಲೇ ಅಲ್ಲಿಗೆ ಬಂದು ಹೋಗಿದ್ದಳಂತೆ, ಒಂದಲ್ಲ, ಮೂರು ಭಾನುವಾರ. ಅಜ್ಜಿ ಒಳಗಿನಿಂದ ಹಳೆಯ ಬಟ್ಟೆಯಲ್ಲಿ ಸುತ್ತಿದ ಮರದ ಅಚ್ಚುಗಳ ಗಂಟನ್ನು ತಂದು ನಮ್ಮ ಮುಂದೆ ಬಿಚ್ಚಿದರು. ಬೃಂದಾವನ, ಆನೆ, ಕುದುರೆ ಎಲ್ಲ ಇದ್ದವು. ಗಿಳಿ ಮಾತ್ರ ಇರಲಿಲ್ಲ. "ಅದನ್ನ ಆ ಹುಡುಗಿ ಎರವಲು ತಗೊಂಡು ಹೋಗಿದ್ದಾಳೆ" ಎಂದರು.